ಸೀದಾ ಎರಡು, ಉಲ್ಟಾ ಎರಡು

ಪುತ್ತೂರಿನ ಸೆಖೆಯಲ್ಲಿ ಉಲ್ಲನ್ ಹೆಣೆಯುವ ಹೆಂಗಸನ್ನು ಕಂಡರೆ ಯಾರಿಗಾದರೂ ನಗು ಬರುವುದು ಸಹಜ. ಏಪ್ರಿಲ್ ತಿಂಗಳು, ಮಹಾಲಿಂಗೇಶ್ವರನ ಜಾತ್ರೆಯ ಹೊತ್ತು, ಉಟ್ಟ ಸೀರೆಯೇ ಭಾರವೆನಿಸುವ ಕಾಲ. ಆಗ ಮಡಿಲಲ್ಲಿ ಉಣ್ಣೆಯ ಉಂಡೆಯಿಟ್ಟುಕೊಂಡು ಜಗಲಿಯಲ್ಲಿ ಕುಳಿತ ನನ್ನನ್ನು ನೋಡಿ, "ಇದು ಯಾರಿಗೆ ಟೀಚರೇ, ಹಿಮಾಲಯಕ್ಕೆ ಕಳಿಸ್ಲಿಕ್ಕಾ?" ಎಂದು ಕೇಳಿದವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಮ್ಮ ಸೀಮೆಯಲ್ಲಿ ವರ್ಷವಿಡೀ ಏಪ್ರಿಲ್ ಇರುವುದಿಲ್ಲವಲ್ಲ! ಆಟಿ ತಿಂಗಳಿನಲ್ಲಿ ಸುಬ್ರಹ್ಮಣ್ಯದ ಕಡೆ ಹಗಲು ಯಾವುದು ಸಂಜೆ ಯಾವುದು ಎಂದು ತಿಳಿಯದಂತೆ ಮಳೆ ಸುರಿಯುತ್ತದೆ. ಒಗೆದ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಮೂರು ದಿನ ಇಟ್ಟರೂ ಮುಗ್ಗಲು ವಾಸನೆ ಹೋಗುವುದಿಲ್ಲ. ಡಿಸೆಂಬರ್ ಬಂತೆಂದರೆ ಸುಳ್ಯದಿಂದ ಸಂಪಾಜೆಯವರೆಗಿನ ತೋಟಗಳಲ್ಲಿ ಬೆಳಗಿನ ಎಂಟು ಗಂಟೆಗೂ ಮಂಜು ಕರಗಿರುವುದಿಲ್ಲ. ನಸುಕಿನಲ್ಲಿ ತಲೆಗೆ ದೀಪ ಕಟ್ಟಿಕೊಂಡು ರಬ್ಬರ್ ಹಾಲು ತೆಗೆಯಲು ಹೊರಡುವವರ ಕಿವಿಗೊಂದು ಮಫ್ಲರ್ ಬೇಕು. ಬಾಣಂತಿಯ ಕೋಣೆಯಲ್ಲಿರುವ ಕೂಸಿಗೊಂದು ಕುಲಾವಿ ಬೇಕು. ಹಾಗಾಗಿ ನನ್ನ ಕಡ್ಡಿಗಳಿಗೆ ಎಂದೂ ಬಿಡುವು ದೊರೆತದ್ದಿಲ್ಲ.

ನಾನು ಹೆಣಿಗೆ ಕಲಿತದ್ದು 1962ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ. ಚೀನಾದೊಂದಿಗೆ ಯುದ್ಧ ನಡೆದ ವರ್ಷವದು. ಗಡಿಯಲ್ಲಿ ನಮ್ಮ ಜವಾನರಿಗೆ ಸಾಕಷ್ಟು ಬೆಚ್ಚನೆಯ ಉಡುಪಿಲ್ಲವೆಂಬ ಸುದ್ದಿ ಹಬ್ಬಿ, ದೇಶದ ಉದ್ದಗಲಕ್ಕೂ ಹೆಂಗಸರು ಸ್ವೆಟರ್ ಹೆಣೆಯತೊಡಗಿದ್ದರು. ಕೆಲವರು ಕೈಯ ಬಳೆಯನ್ನೇ ಬಿಚ್ಚಿಕೊಟ್ಟರು. ನಮ್ಮ ಶಾಲೆಯ ಹೊಲಿಗೆ ಟೀಚರು ಎಲ್ಲಿಂದಲೋ ಕಂದು ಬಣ್ಣದ ಉಲ್ಲನ್ ತರಿಸಿದರು. ಕಡ್ಡಿಗಳು ಇದ್ದದ್ದು ಎರಡೇ ಜೊತೆ. ಉಳಿದವರಿಗೆ ಹರಿದ ಕೊಡೆಗಳ ಕಡ್ಡಿಯನ್ನು ಕಲ್ಲಿಗೆ ಉಜ್ಜಿ ನಯಮಾಡಿ ಕೊಟ್ಟರು. ಅದುವರೆಗೆ ನಮಗೆ ಗೊತ್ತಿದ್ದ ಕೈಕಸುಬೆಂದರೆ ತಕಲಿಯಲ್ಲಿ ನೂಲು ತೆಗೆಯುವುದು. 1937ರಲ್ಲಿ ವಾರ್ಧಾದಲ್ಲಿ ರೂಪುಗೊಂಡ ಗಾಂಧೀಜಿಯವರ ಮೂಲಶಿಕ್ಷಣದ ಕಲ್ಪನೆ ನಮ್ಮ ಹಳ್ಳಿಶಾಲೆಗೆ ತಲುಪಿದ್ದು ಆ ತಕಲಿಯ ರೂಪದಲ್ಲಿ. ನಮ್ಮ ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕೈಗೂ ಕಣ್ಣಿಗೂ ಕೆಲಸ ಕೊಡುವ ಶಿಕ್ಷಣವನ್ನು ಅಷ್ಟರೊಳಗೆ ಪ್ರಯೋಗಿಸಿ ನೋಡಿದ್ದರೆಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ನಾನು ಹೆಣೆದ ಮಫ್ಲರಿನ ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು. ಅದು ಯಾವ ಜವಾನನ ಕೊರಳಿಗೆ ಹೋಯಿತೋ, ಹೋಯಿತೋ ಇಲ್ಲವೋ! ಕೈ ಮಾತ್ರ ಕಲಿತಿತ್ತು.

ಹೆಣಿಗೆಯ ಸೊಗಸು ಅದರ ಸರಳತೆಯಲ್ಲಿದೆ. ನೇಯ್ಗೆಗೆ ಮಗ್ಗ ಬೇಕು, ಹಾಸು ಹೊಕ್ಕು ಎಂದು ಎರಡು ಬಗೆಯ ನೂಲು ಬೇಕು. ಹೆಣಿಗೆಗೆ ಬೇಕಾದದ್ದು ಎರಡು ಕಡ್ಡಿ ಮತ್ತು ಒಂದೇ ಒಂದು ಎಳೆ. ಆ ಎಳೆ ತನ್ನ ಕುಣಿಕೆಯೊಳಗೆ ತಾನೇ ನುಸುಳುತ್ತ ಬಟ್ಟೆಯಾಗುತ್ತದೆ. ಕುಣಿಕೆಯನ್ನು ಮುಂದಿನಿಂದ ತೆಗೆದರೆ ಸೀದಾ, ಹಿಂದಿನಿಂದ ತೆಗೆದರೆ ಉಲ್ಟಾ. ಜಗತ್ತಿನ ಎಲ್ಲ ಸ್ವೆಟರುಗಳೂ ಈ ಎರಡಕ್ಷರದ ವರ್ಣಮಾಲೆಯಲ್ಲಿ ಬರೆದವುಗಳೇ. ಎರಡು ಸೀದಾ, ಎರಡು ಉಲ್ಟಾ ಎಂದು ಹಾಕುತ್ತ ಹೋದರೆ ಎಳೆದಾಗ ಹಿಗ್ಗಿ ಬಿಟ್ಟಾಗ ಕುಗ್ಗುವ ಅಂಚು ಸಿದ್ಧವಾಗುತ್ತದೆ. ಸ್ವೆಟರಿನ ಮಣಿಕಟ್ಟಿಗೂ ಕಾಲುಚೀಲದ ಬಾಯಿಗೂ ಅದೇ ಆಧಾರ. ಇನ್ನೊಂದು ದೊಡ್ಡ ಗುಣವೆಂದರೆ, ಬೇಡವಾದರೆ ಬಿಚ್ಚಬಹುದು. ಅಣ್ಣನಿಗೆ ಗಿಡ್ಡವಾದ ಸ್ವೆಟರನ್ನು ಬಿಚ್ಚಿ, ನೂಲನ್ನು ಮಣೆಗೆ ಸುತ್ತಿ, ಒದ್ದೆ ಮಾಡಿ ಒಣಗಿಸಿದರೆ ಅದರ ಸುಕ್ಕು ಬಹುಮಟ್ಟಿಗೆ ಹೋಗುತ್ತದೆ. ಮರುವರ್ಷ ಅದೇ ನೂಲು ತಮ್ಮನ ಮೈಮೇಲೆ! ಕತ್ತರಿ ಹಾಕಿದ ಬಟ್ಟೆಗೆ ಇಂಥ ಪುನರ್ಜನ್ಮವಿಲ್ಲ.

ಕಡ್ಡಿಗಳ ನಂಬರಿನದು ವಿಚಿತ್ರ ಲೆಕ್ಕ. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಕ್ರಮದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳುವಾಗುತ್ತದೆ. ಎಂಟು ನಂಬರಿನದು 4 ಮಿಲಿಮೀಟರ್ ದಪ್ಪ, ಹತ್ತು ನಂಬರಿನದು 3.25. ತಂತಿಯ ದಪ್ಪವನ್ನು ಅಳೆಯುವ ಪದ್ಧತಿಯಿಂದ ಬಂದದ್ದಿದು. ಇದನ್ನು ಮಕ್ಕಳಿಗೆ ಹೇಳಿದಾಗ, "ಹಾಗಾದ್ರೆ ಪರೀಕ್ಷೆಯಲ್ಲಿಯೂ ಕಡಿಮೆ ನಂಬರು ಬಂದವನೇ ದಪ್ಪ ಅಲ್ವಾ ಟೀಚರ್?" ಎಂದು ಒಬ್ಬ ಪೋರ ಕೇಳಿದ್ದ.

ನಾನು ಅಧ್ಯಾಪಕಿಯಾಗಿ ಹೆಚ್ಚು ವರ್ಷ ಕಳೆದದ್ದು ಕಡಬದ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಈಗ ಕಡಬ ಸ್ವತಂತ್ರ ತಾಲೂಕು. ಆಗ ಪುತ್ತೂರು ತಾಲೂಕಿನದೇ ಭಾಗ. ಗಣಿತ, ವಿಜ್ಞಾನಗಳು ನನ್ನ ಪಾಠಗಳು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯ ವರದಿಯಿಂದ 'ಸಮಾಜೋಪಯೋಗಿ ಉತ್ಪಾದಕ ಕಾರ್ಯ' ಎಂಬ ಉದ್ದನೆಯ ಹೆಸರು ಹುಟ್ಟಿ ಶಾಲೆಗಳಿಗೆ ಬಂದಾಗ, ವಾರಕ್ಕೆರಡು ಪಿರಿಯಡ್ ನನ್ನ ಪಾಲಿಗೆ ಬಿತ್ತು. ಹುಡುಗರು ತರಕಾರಿ ಪಾತಿ ಮಾಡಲಿ, ಹುಡುಗಿಯರು ಹೊಲಿಯಲಿ ಎಂಬುದು ರೂಢಿ. ನಾನು ಮಳೆಗಾಲದಲ್ಲಿ ಎಲ್ಲರನ್ನೂ ಒಳಗೇ ಕೂರಿಸಿ ಕಡ್ಡಿ ಹಿಡಿಸಿದೆ. ಮೊದಲು ನಕ್ಕ ಹುಡುಗರೇ, ಅಪ್ಪಂದಿರು ಅಡಿಕೆ ಹಾಳೆಯಿಂದ ಮುಟ್ಟಾಳೆ ಕಟ್ಟುವುದನ್ನು ನೋಡಿ ಬೆಳೆದವರಾದ್ದರಿಂದ, ಟೊಪ್ಪಿಯ ಆಕಾರವನ್ನು ಬಹಳ ಬೇಗ ಗ್ರಹಿಸಿದರು.

ಕುಲಾವಿಗೆ ನನ್ನದೊಂದು ಲೆಕ್ಕವಿದೆ. ಹತ್ತು ನಂಬರಿನ ಕಡ್ಡಿಯಲ್ಲಿ 84 ಕುಣಿಕೆ. ಅಂಗೈ ಅಗಲದಷ್ಟು ಹೆಣೆದ ಮೇಲೆ ಅದನ್ನು ಹನ್ನೆರಡರಂತೆ ಏಳು ಭಾಗ ಮಾಡಿಕೊಳ್ಳಬೇಕು. ಮುಂದೆ ಪ್ರತಿಯೊಂದು ಸೀದಾ ಸಾಲಿನಲ್ಲೂ ಭಾಗಕ್ಕೊಂದರಂತೆ ಎರಡೆರಡು ಕುಣಿಕೆಗಳನ್ನು ಕೂಡಿಸಿ ಹೆಣೆಯಬೇಕು. ಆಗ 84 ಹೋಗಿ 77, ಆಮೇಲೆ 70, 63, 56... ಏಳರ ಮಗ್ಗಿ ತಾನಾಗಿ ಹಿಮ್ಮುಖವಾಗಿ ಇಳಿಯುತ್ತದೆ! ಕೊನೆಗುಳಿದ ಏಳು ಕುಣಿಕೆಗಳೊಳಗೆ ನೂಲು ಪೋಣಿಸಿ ಎಳೆದರೆ ನೆತ್ತಿ ಮುಚ್ಚಿತು. ಬೆತ್ತಕ್ಕೆ ಬಗ್ಗದ ಏಳರ ಮಗ್ಗಿ ಕುಲಾವಿಗೆ ಬಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಲ್ಲರಿಗಿಂತ ಬೇಗ ಕಲಿತವರು ಬೀಡಿ ಕಟ್ಟುವ ಮನೆಯ ಹುಡುಗಿಯರು. ನಮ್ಮ ಜಿಲ್ಲೆಯ ಸಾವಿರಾರು ಮನೆಗಳ ಒಲೆ ಉರಿದದ್ದು ಬೀಡಿಯಿಂದ. ಶಾಲೆಗೆ ಬರುವ ಮೊದಲು ಒಂದಷ್ಟು, ಸಂಜೆ ಮನೆಗೆ ಹೋಗಿ ಚಿಮಣಿ ದೀಪದ ಬುಡದಲ್ಲಿ ಇನ್ನೊಂದಷ್ಟು. ಗೆರಸೆಯನ್ನು ತೊಡೆಯ ಮೇಲಿಟ್ಟು, ಅಳತೆಗೆ ಕತ್ತರಿಸಿದ ಎಲೆಯಲ್ಲಿ ಚಿಟಿಕೆ ಹೊಗೆಸೊಪ್ಪು ಹರಡಿ, ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಆ ಬೆರಳುಗಳ ವೇಗವನ್ನು ನೋಡಿದವರೇ ಬಲ್ಲರು. ಕೂಲಿ ಸಾವಿರ ಬೀಡಿಗೆ ಇಷ್ಟೆಂದು. ಸಡಿಲವಾದದ್ದನ್ನು ಬ್ರಾಂಚಿನಲ್ಲಿ ತಿರಸ್ಕರಿಸುತ್ತಿದ್ದರು. ಹೀಗೆ ಪಳಗಿದ ಬೆರಳುಗಳಿಗೆ ನೂಲಿನ ಬಿಗಿತವನ್ನು ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ.

ಅವರಲ್ಲೊಬ್ಬ ಹುಡುಗಿ, ಹೆಸರು ಬೇಡ, ಮಾತು ಕಡಿಮೆ. ಇತರರು ಅಂಚು ಮುಗಿಸುವಷ್ಟರಲ್ಲಿ ಅವಳ ಕುಲಾವಿ ಮುಗಿದಿರುತ್ತಿತ್ತು. ಒಂದು ದಿನ ಅವಳು ಕೇಳಿದ ಪ್ರಶ್ನೆ ಇಂದಿಗೂ ನನ್ನ ಕಿವಿಯಲ್ಲಿದೆ: "ಟೀಚರ್, ಇದನ್ನು ಎಷ್ಟು ಮಾಡ್ಬೇಕು?" ಸಂಖ್ಯೆಯಿಲ್ಲದ ಕೆಲಸವನ್ನು ಆ ಮಗು ಕಂಡೇ ಇರಲಿಲ್ಲ. "ಎಷ್ಟೂ ಇಲ್ಲ, ನಿನಗೆ ಖುಷಿಯಾಗುವಷ್ಟು" ಎಂದಾಗ ಅವಳು ನನ್ನನ್ನು ಸಂಶಯದಿಂದಲೇ ನೋಡಿದಳು.

ಏಳನೆಯ ತರಗತಿಯ ನಡುವಿನಲ್ಲಿ ಅವಳು ಶಾಲೆಗೆ ಬರುವುದು ನಿಂತಿತು. ಮನೆ ಹುಡುಕಿಕೊಂಡು ಹೋದೆ. ತಾಯಿ ಚಾಪೆ ಹಾಸಿ ಕೂರಿಸಿ ಬೆಲ್ಲ ನೀರು ಕೊಟ್ಟರು. "ನನ್ನ ಕಣ್ಣು ಮಂಜಾಗಿದೆ ಟೀಚರೇ. ಸಾವಿರ ಆಗ್ಬೇಕಾದ್ರೆ ಇವಳ ಕೈ ಬೇಕು" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೊರಡುವಾಗ ಹುಡುಗಿ ಒಳಗಿನಿಂದ ಏನೋ ತಂದು ನನ್ನ ಕೈಗಿತ್ತಳು. ಬೀಡಿಗೆ ಬಿಗಿಯುವ ತೆಳು ನೂಲಿನ ತುಂಡುಗಳನ್ನು ಗಂಟು ಹಾಕಿ ಉದ್ದಮಾಡಿ, ಕೊಕ್ಕೆ ಕಡ್ಡಿಯಲ್ಲಿ ಹೆಣೆದ ಬೆರಳಗಲದ ಲೇಸು. ಗಂಟುಗಳೆಲ್ಲ ಹಿಂಬದಿಗೆ ಬರುವಂತೆ ನೋಡಿಕೊಂಡಿದ್ದಳು. ಅದನ್ನು ಬಿಳಿಯ ಕರವಸ್ತ್ರವೊಂದರ ಅಂಚಿಗೆ ಹೊಲಿದು ಇಟ್ಟುಕೊಂಡಿದ್ದೇನೆ. ಹೆಣಿಗೆಯನ್ನು 'ಹವ್ಯಾಸ' ಎಂದು ಯಾರಾದರೂ ಹಗುರವಾಗಿ ಕರೆದಾಗ ನನಗೆ ಆ ಮನೆಯ ಜಗಲಿ ನೆನಪಾಗುತ್ತದೆ. ಬೆತ್ತ, ಬೀಳಲುಗಳಿಂದ ಬುಟ್ಟಿ ಹೆಣೆಯುವ ಕೊರಗರ ಹೆಂಗಸಿನ ಕೈಚಳಕವನ್ನು ನಾವು ಹವ್ಯಾಸ ಎನ್ನುವುದಿಲ್ಲ. ಸಂಬಳ ಬರುವ ನಾನು ಕುರ್ಚಿಯಲ್ಲಿ ಕುಳಿತು ಹೆಣೆದರೆ ಮಾತ್ರ ಅದು ಹವ್ಯಾಸ!

ನಡುವೆ ಎಷ್ಟೋ ಹುಚ್ಚುಗಳು ಬಂದು ಹೋದವು. ಪ್ಲಾಸ್ಟಿಕ್ ವಯರಿನ ಚೀಲಗಳ ಕಾಲವೊಂದಿತ್ತು. ಪುತ್ತೂರಿನ ಸೋಮವಾರದ ಸಂತೆಗೆ ಬರುವ ಮೂರು ಹೆಂಗಸರಲ್ಲಿ ಒಬ್ಬಳ ಕೈಯಲ್ಲಾದರೂ ಸ್ವಂತ ಹೆಣೆದ ವಯರ್ ಚೀಲ. ಆಮೇಲೆ ಕ್ರೋಶಾ ಬಂತು. ಬಾಗಿಲಿಗೆ ತೋರಣ, ರೇಡಿಯೊಗೆ ಮುಸುಕು, ಟಿ.ವಿ.ಗೆ ಮುಸುಕು... ಫ್ರಿಜ್ಜಿನ ಹಿಡಿಗೂ ಅಂಗಿ ತೊಡಿಸಿದ ಮನೆಗಳನ್ನು ಕಂಡಿದ್ದೇನೆ. ಇದರಲ್ಲಿ ಸ್ವಲ್ಪ ಅತಿರೇಕವಿತ್ತೆಂದೇ ನನ್ನ ಅಭಿಪ್ರಾಯ.

ಈಗ ಕೈಹೆಣಿಗೆ ಅಗ್ಗವೂ ಅಲ್ಲ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಎಂಬಾತ ಕಾಲುಚೀಲ ಹೆಣೆಯುವ ಯಂತ್ರ ಕಟ್ಟಿದ. ಅಂದು ಆರಂಭವಾದ ಯಂತ್ರದ ಓಟ ಇಂದು ಲುಧಿಯಾನದ ಕಾರ್ಖಾನೆಗಳವರೆಗೆ ಬಂದು ನಿಂತಿದೆ. ಚಳಿಗಾಲದಲ್ಲಿ ನಮ್ಮ ಪೇಟೆಗಳ ರಸ್ತೆಬದಿಯಲ್ಲಿ ಟಿಬೆಟಿಯನ್ನರು ರಾಶಿ ಹಾಕಿ ಮಾರುವ ಸ್ವೆಟರುಗಳಲ್ಲೂ ಬಹಳಷ್ಟು ಅಲ್ಲಿಂದಲೇ ಬರುವಂಥವು. ನಾವು 'ಉಲ್ಲನ್' ಎನ್ನುವ ಬಣ್ಣದ ಉಂಡೆಗಳಲ್ಲೂ ಹೆಚ್ಚಿನವು ಕುರಿಯ ಮುಖ ಕಾಣದ ಅಕ್ರಿಲಿಕ್. ಅದರ ಬಗ್ಗೆ ನನಗೆ ತಕರಾರಿಲ್ಲ. ನಮ್ಮ ಮಳೆಗೆ ಬೇಗ ಒಣಗುವ ಅಕ್ರಿಲಿಕ್ಕೇ ವಾಸಿ. ನಿಜವಾದ ಉಣ್ಣೆಗೆ ನುಸಿಯ ಕಾಟ ಬೇರೆ.

2011ರಲ್ಲಿ ನಿವೃತ್ತಳಾಗಿ ಪುತ್ತೂರಿನಲ್ಲಿ ನೆಲೆಸಿದ ಮೇಲೆ ನಾವು ನಾಲ್ಕೈದು ಮಂದಿ ಮಧ್ಯಾಹ್ನದ ಹೊತ್ತು ಒಟ್ಟಿಗೆ ಕುಳಿತು ಹೆಣೆಯುವ ಪರಿಪಾಠ ಬೆಳೆಯಿತು. ಗಂಡನನ್ನು ಕಳೆದುಕೊಂಡವರು ನಮ್ಮಲ್ಲಿ ಇಬ್ಬರು, ನಾನೂ ಒಬ್ಬಳು. ದುಃಖದ ಮೊದಲ ವರ್ಷದಲ್ಲಿ ಪುಸ್ತಕ ಹಿಡಿದರೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ಎಣಿಕೆ ಮಾತ್ರ ಹತ್ತುತ್ತಿತ್ತು. ಸಾಲು ಮುಗಿಯುವವರೆಗೆ ಎಣಿಸಿದರಾಯಿತು, ಮುಂದಿನದು ಮುಂದಿನ ಸಾಲಿಗೆ.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. ಮಡಿಕೇರಿ ರಸ್ತೆಯ ಜೋಡುಪಾಲದಲ್ಲಿ ಮನೆಗಳ ಮೇಲೆ ಮಣ್ಣು ನೀರು ನುಗ್ಗಿ, ಜನ ಉಟ್ಟ ಬಟ್ಟೆಯಲ್ಲಿ ಕೆಳಗಿಳಿದು ಬಂದರು. ಸಂಪಾಜೆ, ಕಲ್ಲುಗುಂಡಿ, ಅರಂತೋಡುಗಳಲ್ಲಿ ಅವರಿಗಾಗಿ ಆಶ್ರಯ ಕೇಂದ್ರಗಳು ತೆರೆದವು. ಅಕ್ಕಿ, ಹೊದಿಕೆಗಳು ಲಾರಿಗಳಲ್ಲಿ ಬಂದವು. ನಾವು ಐವರು ಹಗಲಿರುಳು ಕುಳಿತು ಹೆಣೆದದ್ದು ಹನ್ನೊಂದು ಕುಲಾವಿ, ನಾಲ್ಕು ಜೊತೆ ಕಾಲುಚೀಲ. ಆ ಹೊದಿಕೆಯ ರಾಶಿಯೆದುರು ಅದು ಯಾವ ಲೆಕ್ಕ? ಹೆಣಿಗೆಯಿಂದ ಲೋಕದ ಕಷ್ಟ ನೀಗುವುದಿಲ್ಲವೆಂದು ಅಲ್ಲಿಗೆ ಹೋಗಿ ನಿಂತಾಗ ಚೆನ್ನಾಗಿ ಅರ್ಥವಾಯಿತು. ಆದರೂ ಕೂಸುಗಳ ತಾಯಂದಿರು ಕೈಚಾಚಿ ಪಡೆದರು.

ಅಲ್ಲಿ ಗೋಡೆಗೊರಗಿ ಕುಳಿತಿದ್ದ, ಸುಮಾರು ನನ್ನದೇ ವಯಸ್ಸಿನ ಒಬ್ಬ ಹೆಂಗಸು ನನ್ನ ಚೀಲವನ್ನೇ ನೋಡುತ್ತಿದ್ದರು. ಐದನೆಯ ಜೊತೆಯ ಕಾಲುಚೀಲ ಅರ್ಧವಾಗಿತ್ತು. ಒಂದು ಮುಗಿದು, ಇನ್ನೊಂದು ಇನ್ನೂ ಮೊದಲಾಗಿರಲಿಲ್ಲ. "ಅಕ್ಕಾ, ಆ ಕಡ್ಡಿ ಕೊಡುವಿರಾ?" ಎಂದರು. ಟೊಪ್ಪಿಯನ್ನಲ್ಲ, ಕಡ್ಡಿಯನ್ನು. "ಆರು ದಿನ ಆಯ್ತು, ಇಲ್ಲಿ ಅಡುಗೆ ಅವರೇ ಮಾಡ್ತಾರೆ, ಗುಡಿಸುವುದೂ ಅವರೇ. ಕೈ ಸುಮ್ಮನೆ ಕೂತ್ರೆ ತಲೆ ಮನೆಯ ಕಡೆ ಓಡ್ತದೆ" ಎಂದರು. ಚೀಲವನ್ನು ಹಾಗೆಯೇ ಅವರ ಮಡಿಲಲ್ಲಿಟ್ಟು ಬಂದೆ.

ನಾಲ್ಕು ದಿನ ಕಳೆದು ಮತ್ತೆ ಹೋದಾಗ ಕಾಲುಚೀಲದ ಜೊತೆ ಪೂರ್ತಿಯಾಗಿತ್ತು. ಉಳಿದ ನೂಲಿನಲ್ಲಿ ಒಂದು ಕುಲಾವಿಯೂ ಆಗಿತ್ತು. ಅವರ ಕೈ ನನ್ನದಕ್ಕಿಂತ ಬಿಗಿ. ಅಷ್ಟೇ ಕುಣಿಕೆ, ಅದೇ ಕಡ್ಡಿಯಾದರೂ ಅವರು ಹೆಣೆದ ಚೀಲ ನನ್ನದಕ್ಕಿಂತ ಒಂದು ಬೆರಳು ಚಿಕ್ಕದು. ಎರಡನ್ನೂ ಅಷ್ಟರೊಳಗೆ ಪಕ್ಕದ ಚಾಪೆಯ ಮಗುವಿಗೆ ತೊಡಿಸಿಯಾಗಿತ್ತು. ಅದು ಎಡಗಾಲಿನ ಸಡಿಲ ಚೀಲವನ್ನು ಎಳೆದೆಳೆದು ಬಾಯಿಗೆ ತುರುಕುತ್ತಿತ್ತು. ಬಲಗಾಲಿನದು ಮಾತ್ರ ಅಲುಗಲಿಲ್ಲ.