ಎರಡು ಸಲ ಏರಿದ ಮುಂಗಡ

ಇದು 2007ರ ಏಪ್ರಿಲ್ ತಿಂಗಳ ಮಾತು. ಆಗ ನಾನು ಬಸವನಗುಡಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಗ್ರಾಹಕರ ಫೋನ್ ಎತ್ತುವುದು, ಅವರು ಬೈದರೆ ಬೈಸಿಕೊಳ್ಳುವುದು ನನ್ನ ಕೆಲಸ. ಅಡಿಕೆ ಮಂಡಿಗಳ ಲೆಕ್ಕ ಬರೆಯುವ ಸಾಫ್ಟ್‌ವೇರ್ ನಮ್ಮದು. ಶಿವಮೊಗ್ಗ, ಸಾಗರ, ಶಿರಸಿ ಕಡೆ ಒಂದಿಷ್ಟು ಮಂಡಿಗಳು ಅದನ್ನು ನಂಬಿಕೊಂಡಿದ್ದವು. ಬೆಳೆಗಾರ ಮೂಟೆ ತಂದು ಇಳಿಸಿದರೆ ರಾಶಿ ಎಷ್ಟು, ಬೆಟ್ಟೆ ಎಷ್ಟು, ತೂಕ, ಹಮಾಲಿ, ಮೊದಲೇ ಕೊಟ್ಟ ಮುಂಗಡ, ಅದರ ಬಡ್ಡಿ ಎಲ್ಲ ಲೆಕ್ಕ ಹಾಕಿ, ಕೊನೆಗೆ ಅವನ ಕೈಗೆ ಬರುವುದೆಷ್ಟು ಎಂದು ಪಟ್ಟಿ ತೆಗೆದುಕೊಡುತ್ತಿತ್ತು.

ನಮ್ಮ ಯಜಮಾನರಿಗೆ ಆಗ ಬ್ಲಾಗಿನ ಹುಚ್ಚು ಹಿಡಿದಿತ್ತು. ಹಿಡಿಸಿದವರು ಜೊನಾಥನ್ ಶ್ವಾರ್ಟ್ಸ್. ಜಾವಾ ಹುಟ್ಟಿದ ಮನೆಯಾದ ಸನ್ ಮೈಕ್ರೋಸಿಸ್ಟಮ್ಸ್ 2004ರಲ್ಲಿ ತನ್ನ ನೌಕರರಿಗೆಲ್ಲ ಬ್ಲಾಗ್ ಬರೆಯಲು ಜಾಗ ತೆರೆದುಕೊಟ್ಟಿತ್ತು. ಆ ವರ್ಷವೇ ಬರೆಯಲು ಶುರುಮಾಡಿದ ಶ್ವಾರ್ಟ್ಸ್, 2006ರಲ್ಲಿ ಸಿಇಒ ಆದ ಮೇಲೂ ನಿಲ್ಲಿಸಲಿಲ್ಲ. ಆ ಕಂಪನಿಯ ನಿಯಮಗಳನ್ನು ಯಜಮಾನರು ಅಚ್ಚು ತೆಗೆಸಿ ನೋಟಿಸ್ ಬೋರ್ಡಿಗೆ ಚುಚ್ಚಿದ್ದರು. ಗುಟ್ಟು ಬಿಟ್ಟುಕೊಡಬೇಡಿ, ಆದಾಯ ಲಾಭದ ಸುದ್ದಿ ಎತ್ತಬೇಡಿ, ಗೊತ್ತಿರುವುದನ್ನೇ ಬರೆಯಿರಿ. ಇವೆಲ್ಲ ಯಾರು ಬೇಕಾದರೂ ಹೇಳುವ ಬುದ್ಧಿಮಾತು. ಯಜಮಾನರು ಕೆಂಪು ಗೆರೆ ಎಳೆದಿದ್ದು ಬೇರೆ ಕಡೆ: ನಿಮ್ಮ ಕೆಲಸದ ಬಗ್ಗೆ ಲೋಕಕ್ಕೆ ಹೇಳಿ, ಮೊದಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬಲ್ಲಿ.

ಚಹಾ ಹೊತ್ತಿನಲ್ಲಿ ಅವರು ಹೇಳುತ್ತಿದ್ದ ಕಥೆ ಇನ್ನೊಂದಿತ್ತು. ಷೇರುದಾರರಿಗೆ ಮುಖ್ಯವಾದ ಸುದ್ದಿ ಎಲ್ಲರಿಗೂ ಒಟ್ಟಿಗೇ ಮುಟ್ಟಬೇಕು ಎಂಬುದು ಅಮೆರಿಕದ ಕಾನೂನು. ಹಾಗಾದರೆ ನಾನು ಬ್ಲಾಗಿನಲ್ಲಿ ಹೇಳಿದರೆ ಎಲ್ಲರಿಗೂ ಮುಟ್ಟಿದ ಹಾಗಲ್ಲವೇ ಎಂದು ಶ್ವಾರ್ಟ್ಸ್ 2006ರಲ್ಲಿ ಅಲ್ಲಿನ ಷೇರುಪೇಟೆ ಆಯೋಗದ ಅಧ್ಯಕ್ಷ ಕ್ರಿಸ್ಟೊಫರ್ ಕಾಕ್ಸ್ ಅವರಿಗೆ ಪತ್ರ ಬರೆದರು. ಕಾಕ್ಸ್ ಉತ್ತರ ಕೊಟ್ಟದ್ದು ಎಲ್ಲಿ? ಅದೇ ಬ್ಲಾಗಿನ ಕೆಳಗೆ, ನಾವು ನೀವು ಪ್ರತಿಕ್ರಿಯೆ ಬರೆಯುವ ಜಾಗದಲ್ಲಿ. “ಸೆಬಿ ಅಧ್ಯಕ್ಷರು ನಮ್ಮಲ್ಲಿಗೆ ಬಂದು ಬರೆದ ಹಾಗೆ ಕಣ್ರೀ!” ಎಂದು ಯಜಮಾನರು ಕಪ್ಪು ಕೆಳಗಿಡುತ್ತಿದ್ದರು.

ಇಷ್ಟೆಲ್ಲ ಆದರೂ ನಮ್ಮ ಬ್ಲಾಗಿನಲ್ಲಿ ಏನಿತ್ತು ಅಂತೀರಿ? ಆಯುಧಪೂಜೆಯ ಫೋಟೊ, ಹೊಸ ಆವೃತ್ತಿಯ ಗುಣಗಾನ. ಊರೂರಿನ ಡೀಲರುಗಳೂ ಓದುತ್ತಿರಲಿಲ್ಲ.

ಆಮೇಲೆ ಆ ಏಪ್ರಿಲ್ ಬಂತು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ ಹೊಸ ವರ್ಷಕ್ಕೆ ಶಿಲ್ಕು ಸಾಗಿಸುವಾಗ, ಬೆಳೆಗಾರರ ಮುಂಗಡ ಮಾತ್ರ ಎರಡು ಸಲ ಏರಿಬಿಟ್ಟಿತು. ನಲವತ್ತು ಸಾವಿರ ಪಡೆದವನ ಖಾತೆಯಲ್ಲಿ ಎಂಬತ್ತು ಸಾವಿರ ಬಾಕಿ. ಜಮಾ ಖರ್ಚಿನ ಬೇರೆ ಬಾಬತ್ತಿನಲ್ಲಾಗಿದ್ದರೆ ಗುಮಾಸ್ತರು ಗೊಣಗಿ ಸರಿಮಾಡಿಕೊಳ್ಳುತ್ತಿದ್ದರು. ಇದು ಹಾಗಲ್ಲ. ಮಂಡಿಗೂ ಬೆಳೆಗಾರನಿಗೂ ನಡುವೆ ತಾತನ ಕಾಲದಿಂದ ಬಂದ ಲೆಕ್ಕ ಅದು; ಮದುವೆಗೆ, ಆಸ್ಪತ್ರೆಗೆ ಬಾಯಿಮಾತಲ್ಲಿ ಪಡೆದ ದುಡ್ಡು. ಪಟ್ಟಿ ನೋಡಿದ ರೈತ ಸಾಫ್ಟ್‌ವೇರಿಗೆ ಬಯ್ಯುತ್ತಾನೆಯೇ? ಮಂಡಿ ಸಾಹುಕಾರನ ಮುಖ ನೋಡುತ್ತಾನೆ.

ಫೋನುಗಳು ಹೊಡೆದುಕೊಳ್ಳತೊಡಗಿದವು. ಮಾರಾಟ ವಿಭಾಗದ ಹಿರಿಯರು ನಮಗೆಲ್ಲ ಒಂದೇ ಉತ್ತರ ಕಲಿಸಿದರು: “ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇರಬಹುದು, ನೋಡ್ತೀವಿ.” ಸಂಜೆಯವರೆಗೂ ಅದನ್ನೇ ಹೇಳಿದೆವು.

ರಾತ್ರಿ ಆ ಭಾಗದ ಕೋಡ್ ಬರೆದ ಹುಡುಗಿ, ತೀರ್ಥಹಳ್ಳಿ ಕಡೆಯವಳು, ತಪ್ಪು ಎಲ್ಲಿದೆ ಎಂದು ಹುಡುಕಿ ತೆಗೆದಳು. ಅಷ್ಟಕ್ಕೇ ಬಿಡದೆ, ಯಾರನ್ನೂ ಕೇಳದೆ, ಕಂಪನಿಯ ಬ್ಲಾಗಿನಲ್ಲಿ ಕನ್ನಡದಲ್ಲಿ ಬರೆದು ಹಾಕಿದಳು. ಯಾವ ಆವೃತ್ತಿಯಲ್ಲಿ ದೋಷ, ಅದು ಹೇಗಾಯಿತು, ಮಾರ್ಚ್ 31ರ ಶಿಲ್ಕನ್ನೂ ಏಪ್ರಿಲ್ 1ರ ಶಿಲ್ಕನ್ನೂ ಪಕ್ಕಪಕ್ಕ ಇಟ್ಟು ಹೇಗೆ ನೋಡಬೇಕು, ಸರಿಪಡಿಸಿದ ಸಿ.ಡಿ. ಕೈಸೇರುವವರೆಗೆ ಯಾವ ಬೆಳೆಗಾರನಿಗೂ ಪಟ್ಟಿ ಕೊಡಬೇಡಿ. ಒಂದು ಮಂಡಿಯ ಹೆಸರನ್ನೂ ಎತ್ತಿರಲಿಲ್ಲ. ಕೊನೆಯಲ್ಲಿ, ಈ ಕೋಡ್ ನನ್ನದು ಎಂದು ಬರೆದು ತನ್ನ ಹೆಸರು ಹಾಕಿದ್ದಳು.

ಬೆಳಗ್ಗೆ ಮಾರಾಟದ ಹಿರಿಯರು ಕೆಂಡವಾಗಿದ್ದರು. “ನಾವೇ ತಪ್ಪೊಪ್ಪಿಕೊಂಡರೆ ನಾಳೆ ಯಾರು ಕೊಳ್ತಾರೆ? ಅಳಿಸಿ ಮೊದಲು.” ಯಜಮಾನರು ಬರಹವನ್ನು ನಿಂತುಕೊಂಡೇ ಓದಿದರು. ಹುಡುಗಿ ಮೂಲೆಯಲ್ಲಿ ಕೆಲಸ ಹೋಯಿತೆಂದೇ ನಿಂತಿದ್ದಳು. ಯಜಮಾನರು ನೋಟಿಸ್ ಬೋರ್ಡಿನ ಕಡೆ ಕೈ ತೋರಿಸಿ, “ಅಪ್ಪಣೆ ಬೇಡ ಅಂತ ಚುಚ್ಚಿದವನು ನಾನೇ ಅಲ್ವೇನ್ರೀ” ಅಂದರು. ಆಮೇಲೆ ಕೂತು, ವೈರಸ್ ಎಂದು ಹೇಳಿದ್ದು ಸುಳ್ಳು ಎಂಬ ಎರಡು ಸಾಲು ತಾವೇ ಕೆಳಗೆ ಸೇರಿಸಿದರು. ಆ ಎರಡು ಸಾಲಿಗೆ ಹುಡುಗಿಯ ಇಡೀ ಬರಹಕ್ಕಿಂತ ಹೆಚ್ಚು ಧೈರ್ಯ ಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮಂಡಿಗಳಲ್ಲಿ ಆಗ ಇಂಟರ್‌ನೆಟ್ ಎಲ್ಲಿ? ಶಿವಮೊಗ್ಗದ ನಮ್ಮ ಡೀಲರ್ ಅದನ್ನು ಪ್ರಿಂಟ್ ತೆಗೆದು ಮಂಡಿ ಮಂಡಿಗೂ ಹಂಚಿದ. ಸಾಹುಕಾರರು ಆ ಹಾಳೆಯನ್ನು ರೈತರ ಮುಂದೆ ಹಿಡಿದರಂತೆ: ನೋಡಪ್ಪಾ, ಕಂಪನಿಯವರೇ ಬರೆದಿದ್ದಾರೆ, ಮೋಸ ಅಲ್ಲ. ಅವರ ಮಾನ ಉಳಿಸಿದ್ದು ಆ ಹಾಳೆ. ಬ್ಲಾಗಿನ ಕೆಳಗೆ ಬೈಗುಳವೂ ಬಿತ್ತು. ಒಂದಂತೂ ಓದಿದರೆ ಕಿವಿ ಮುಚ್ಚಿಕೊಳ್ಳಬೇಕು. ಅದನ್ನೂ ಅಳಿಸದೆ, ಯಜಮಾನರು “ನೀವು ಹೇಳಿದ್ದರಲ್ಲಿ ಬೈಗುಳ ಬಿಟ್ಟು ಉಳಿದದ್ದೆಲ್ಲ ನಿಜ” ಎಂದು ಉತ್ತರಿಸಿದರು.

ಲಾಭವಾಯಿತೇ ಎಂದು ಕೇಳಬೇಡಿ. ನಮ್ಮ ಎದುರಾಳಿಯೂ ಅದೇ ಹಾಳೆಯ ಪ್ರತಿ ಹಿಡಿದು ಊರು ಸುತ್ತಿದ. ಕೆಲವು ಮಂಡಿಗಳು ಅವನ ಕಡೆ ಹೋದವು. ಶ್ವಾರ್ಟ್ಸ್ ಕಥೆಯೂ ಅಷ್ಟೆ. 2008ರಲ್ಲಿ ಅಲ್ಲಿನ ಷೇರುಪೇಟೆ ಆಯೋಗ, ಕಂಪನಿಗಳ ಜಾಲತಾಣವೂ ಸುದ್ದಿ ಹೇಳುವ ದಾರಿಯಾಗಬಹುದು ಎಂದು ಒಪ್ಪಿತು. ಆದರೆ ಮರುವರ್ಷವೇ ಸನ್ ಕಂಪನಿಯನ್ನು 740 ಕೋಟಿ ಡಾಲರಿಗೆ ಕೊಳ್ಳುವುದಾಗಿ ಒರಾಕಲ್ ಘೋಷಿಸಿತು. ಮುಚ್ಚುಮರೆಯಿಲ್ಲದ ಮಾತಿನಿಂದ ಸರ್ವರುಗಳು ಖರ್ಚಾಗುವುದಿಲ್ಲ. ಉಳಿಯುವುದು ಬೇರೇನೋ, ಅದು ಲೆಕ್ಕದ ಪುಸ್ತಕದಲ್ಲಿ ಕಾಣಿಸುವ ಬಾಬತ್ತಲ್ಲ.

ಆ ಏಪ್ರಿಲ್ ಕಳೆದು ಮುಂದಿನ ಮಾರ್ಚಿಗೆ ಹೊಸ ಸಿ.ಡಿ. ಕಳಿಸಿದೆವು. ಸಾಗರದ ಗುಮಾಸ್ತರೊಬ್ಬರು ಫೋನ್ ಮಾಡಿದರು. “ಸಿ.ಡಿ. ಬಂದಿದೆ ಮಾರಾಯ್ರೆ. ಆದರೆ ಆ ಹುಡುಗಿ ಇನ್ನೂ ಏನೂ ಬರೆದಿಲ್ಲ ಅಂದ್ರು ಡೀಲರು?” ಅವಳು ಅಕ್ಕನ ಮದುವೆಗೆಂದು ಊರಿಗೆ ಹೋಗಿದ್ದಳು. ಯಜಮಾನರಿಗೆ ಹೇಳಿದೆ. ಅವರು ಆ ಸಂಜೆಯೇ ಕೂತು, ಎಲ್ಲವನ್ನೂ ಪರೀಕ್ಷಿಸಿದ್ದೇವೆ, ಧೈರ್ಯವಾಗಿ ಹಾಕಿಕೊಳ್ಳಿ ಎಂದು ವಿವರವಾಗಿ ಬರೆದರು. ಮಾರನೆಯ ದಿನ ಮತ್ತೆ ಅದೇ ಗುಮಾಸ್ತರ ಫೋನು.

“ನಿಮ್ಮ ಯಜಮಾನ್ರು ಬರೆದದ್ದು ಓದಿಸಿಕೊಂಡ್ವಿ. ಚೆನ್ನಾಗಿದೆ. ಅವಳು ಯಾವತ್ತು ಬರ್ತಾಳೆ?”