ಕಲಾಯಿ ಇಲ್ಲದ ಕೊಪ್ಪರಿಗೆ

ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಹುಳಿ ಇಡಬಾರದು ಎಂಬುದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಓಣಿಗೆಲ್ಲ ಕಿಲುಬು ಸಾರು ಬಡಿಸಿದವನು ನಾನು. ಅದೂ ವೋಟು ಕೇಳುವ ಹೊತ್ತಿನಲ್ಲಿ.

ಆ ಕೊಪ್ಪರಿಗೆ ನಮ್ಮ ಅಜ್ಜನ ಕಾಲದ್ದು. ಹುಬ್ಬಳ್ಳಿಯ ಭಾಂಡೆ ಅಂಗಡಿಯಲ್ಲಿ ಕೊಂಡು, ರೈಲಿನಲ್ಲಿ ಅಳ್ನಾವರ ಜಂಕ್ಷನ್ನಿಗೆ ತಂದು, ಅಲ್ಲಿಂದ ಚಕ್ಕಡಿಯಲ್ಲಿ ನಮ್ಮ ಹಳ್ಳಿಗೆ ಇಳಿಸಿದ್ದಂತೆ. ಅಂಚಿನ ಕೆಳಗೆ ಚುಕ್ಕೆ ಚುಕ್ಕೆಯಾಗಿ ಅಜ್ಜನ ಹೆಸರು, ಊರಿನ ಹೆಸರು ಕೊರೆದಿದೆ. ಕೊರೆದವನಿಗೆ ಕೊನೆಗೆ ಜಾಗ ಸಾಲದೆ ಊರಿನ ಕಡೆಯ ಅಕ್ಷರ ಕೆಳಗಿನ ಸಾಲಿಗೆ ಜಾರಿದೆ. ಇಬ್ಬರು ಹಿಡಿದರೆ ಮಾತ್ರ ಒಲೆಯಿಂದ ಇಳಿಯುವ ಪಾತ್ರೆ ಅದು.

ಧಾರವಾಡ ಜಿಲ್ಲೆ ಎಂದರೆ ಎರೆಮಣ್ಣು, ಬಿಳಿಜೋಳ, ನವಲಗುಂದದ ಬಯಲು ಎಂದುಕೊಳ್ಳುವವರು ಅಳ್ನಾವರಕ್ಕೆ ಬಂದರೆ ತಬ್ಬಿಬ್ಬಾಗುತ್ತಾರೆ. ನಮ್ಮದು ಮಲೆನಾಡಿನ ಸೆರಗು. ಗದ್ದೆಯಲ್ಲಿ ಭತ್ತ, ಗದ್ದೆ ದಾಟಿದರೆ ಸಾಗವಾನಿ, ಬಿದಿರು. ಹಳಿಯಾಳ, ದಾಂಡೇಲಿ, ಖಾನಾಪುರ ನಮಗೆ ನೆಂಟರ ಊರುಗಳು. ಅಡಿಗೆಯೂ ಹಾಗೇ ಎರಡು ಕಡೆಯದು. ಮಳೆಗಾಲಕ್ಕೆ ಕಳಲೆ, ಅಣಬೆ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗ. ಸಂಕ್ರಾಂತಿಗೆ ಮಾದಲಿ, ಸಜ್ಜಿ ರೊಟ್ಟಿ. ಬೇಸಿಗೆಗೆ ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ. ಯಾವುದನ್ನು ಯಾವ ಪಾತ್ರೆಯಲ್ಲಿ ಮಾಡಬೇಕು ಎಂಬ ವಿಷಯದಲ್ಲಿ ಅವ್ವ ಬಲು ಕಟ್ಟುನಿಟ್ಟು. ಹೆಚ್ಚಿದ ಕಳಲೆ ನೀರಿನಲ್ಲಿ ನೆನೆದು ಹುಳಿಯಾಗುತ್ತದೆ, ಅದಕ್ಕೆ ಮಣ್ಣಿನ ಗಡಿಗೆಯೇ ಆಗಬೇಕು. ಪುಂಡಿಪಲ್ಯಕ್ಕೂ ಅದೇ. ಮಿಡಿಗೆ ಚೀನಿಮಣ್ಣಿನ ಭರಣಿ. ಹೋಳಿಗೆಯ ಬೇಳೆ ಬೇಯಿಸಲು, ಆ ಕಟ್ಟಿನಿಂದಲೇ ಸಾರು ಕುದಿಸಲು ಕೊಪ್ಪರಿಗೆ. ಒಳಗೆ ಕಲಾಯಿ ಬೆಳ್ಳಗೆ ಹೊಳೆಯುತ್ತಿದ್ದರೆ ಮಾತ್ರ.

ಕಲಾಯಿಯ ಖರ್ಚು ನಮ್ಮ ಮನೆಯ ಮೇಲೆ ಬಿದ್ದದ್ದೇ ಕಡಿಮೆ. ಕೊಪ್ಪರಿಗೆ ವರ್ಷದಲ್ಲಿ ಬಹಳ ದಿನ ನಮ್ಮ ಮನೆಯಲ್ಲಿ ಇರುತ್ತಿರಲಿಲ್ಲ. ಮದುವೆ, ಕುಬಸ, ಭಜನೆಯ ಪ್ರಸಾದ, ತಿಥಿ ಎಂದು ಓಣಿಯಿಂದ ಓಣಿಗೆ ತಿರುಗುತ್ತಿತ್ತು. ಅಪ್ಪ ಬಾಡಿಗೆ ಕೇಳುತ್ತಿರಲಿಲ್ಲ. ಒಯ್ದವರು ಕಲಾಯಿ ಹಾಕಿಸಿ ತಂದಿಡಬೇಕು, ಅಷ್ಟೇ ಕರಾರು. ಅದನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬಡವರು ಒಯ್ದಾಗ ಅಪ್ಪನೇ ಕಲಾಯಿಗಾರನಿಗೆ ರೊಕ್ಕ ಕೊಟ್ಟದ್ದು ಅವ್ವನಿಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು.

ಅಪ್ಪ ತೀರಿಕೊಂಡ ಮೇಲೆ ನಾನು ಹೊಸ ಮನೆ ಕಟ್ಟಿಸಿದೆ. ಪಡಸಾಲೆಗೆ ಗಾಜಿನ ಕಪಾಟು ಬಂತು. ಬೀಸುಕಲ್ಲು, ಅಡಕೊತ್ತು, ಹಿತ್ತಾಳೆಯ ಸಮೆ ಎಲ್ಲಕ್ಕೂ ಜಾಗ ಸಿಕ್ಕಿತು. ಕಪಾಟಿನಲ್ಲಿ ಹಿಡಿಸದ ಕೊಪ್ಪರಿಗೆ ಮಾತ್ರ ಹುಬ್ಬಳ್ಳಿಗೆ ಹೋಯಿತು. ಪಾಲಿಶ್ ಅಂಗಡಿಯವರು ಒಳಗೂ ಹೊರಗೂ ಬಫ್ ಹೊಡೆದರು. ಬಂಗಾರದ ಬಣ್ಣ ಬಂತು! ಮುಖ ಕಾಣುವಂತಾಯಿತು. ಬಾಗಿಲ ಪಕ್ಕ ಸ್ಟ್ಯಾಂಡಿನ ಮೇಲೆ ಇಟ್ಟೆ. ಬಂದವರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಅಜ್ಜನ ಹೆಸರು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿ ಇಟ್ಟಿದ್ದೆ. ಕೇಳಲು ಬಂದವರಿಗೆ, “ಇದು ಹಿರಿಯರ ನೆನಪು, ಕೊಡಾಂಗಿಲ್ರಿ,” ಎನ್ನಲು ಶುರುಮಾಡಿದೆ. ಮೊದಲ ಸಲ ನಾಲಿಗೆ ತಡವರಿಸಿತು. ಆಮೇಲೆ ರೂಢಿಯಾಯಿತು.

2019ರ ಆಗಸ್ಟ್ ಮಳೆಯನ್ನು ನಮ್ಮ ತಾಲೂಕಿನವರು ಮರೆಯುವುದಿಲ್ಲ. ಅಳ್ನಾವರದಲ್ಲಿ ಡೌಗಿ ಹಳ್ಳ ಉಕ್ಕಿತು. ಹುಲಿಕೇರಿಯ ಇಂದಿರಮ್ಮನ ಕೆರೆ ಒಡೆದೇಬಿಟ್ಟೀತು ಎಂಬ ಭಯದಲ್ಲಿ ಜನ ನಿದ್ದೆ ಬಿಟ್ಟರು. ನಮ್ಮ ಹಳ್ಳಿಯಲ್ಲೂ ಮಣ್ಣಿನ ಗೋಡೆಗಳು ಕುಸಿದು, ತಗ್ಗಿನ ಓಣಿಯವರು ಸಾಲಿಯಲ್ಲಿ ಉಳಿದರು. ಅಲ್ಲಿ ಅನ್ನ ಬೇಯಿಸಲು ದೊಡ್ಡ ಪಾತ್ರೆ ಬೇಕಾಗಿ ಹುಡುಗರು ನಮ್ಮ ಮನೆಗೆ ಬಂದರು. ಮೂರು ಕಲ್ಲಿನ ಒಲೆ, ಹಸಿ ಕಟ್ಟಿಗೆ, ಹೊಗೆ. ಬಫ್ ಹೊಡೆಸಿದ ಹೊಳಪು ಒಂದೇ ದಿನದಲ್ಲಿ ಮಸಿಯಾಗುವುದು ನನ್ನ ಕಣ್ಣಿಗೆ ಕಟ್ಟಿತು. ಅಕ್ಕಿ ಒಂದು ಚೀಲ ಕೊಟ್ಟೆ. ಪಾತ್ರೆ ಕೊಡಲಿಲ್ಲ. ಅಕ್ಕಿ ಕೊಟ್ಟೆನಲ್ಲ ಎಂದು ನೆಮ್ಮದಿಯಿಂದಲೇ ಮಲಗಿದೆ.

ಮರುವರ್ಷ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಈ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಯಾರು ಯಾವ ಪಕ್ಷದವರೆಂದು ಎಲ್ಲರಿಗೂ ಗೊತ್ತಿರುತ್ತದೆ, ಅದು ಬೇರೆ ಮಾತು. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಮಕ್ಕಳನ್ನು ಬಿಟ್ಟರೆ ಎಷ್ಟು ವೋಟು ಉಳಿದಾವು? ಒಬ್ಬೊಬ್ಬರೂ ಕಾಕಾ, ಮಾಮಾ, ಚಿಗವ್ವ, ಇಲ್ಲವೇ ಅಪ್ಪನ ಗೆಳೆಯರು. ವಿಧಾನಸಭೆ ಚುನಾವಣೆಯಲ್ಲಿ ಸೋತರೆ ಗಾಳಿಯ ಮೇಲೆ, ಜಾತಿಯ ಮೇಲೆ, ಹೈಕಮಾಂಡಿನ ಮೇಲೆ ಹಾಕಬಹುದು. ಪಂಚಾಯಿತಿಯಲ್ಲಿ ಸೋತವನಿಗೆ ಆ ಸೌಲಭ್ಯ ಇಲ್ಲ. ಪಕ್ಕದ ಮನೆಯವರೇ ನಿಮ್ಮನ್ನು ಒಲ್ಲೆ ಅಂದಿರುತ್ತಾರೆ. ಆಗ ಠೇವಣಿ ಬರೀ 200 ರೂಪಾಯಿ ಇದ್ದುದರಿಂದ ನಿಲ್ಲುವುದು ಸಸಾರ ಅನಿಸುತ್ತಿತ್ತು. ನನಗೂ ಹಾಗೇ ಅನಿಸಿತ್ತು. ನನ್ನ ಲೆಕ್ಕದಲ್ಲಿ ಅಜ್ಜ, ಅಪ್ಪ ಕೂಡಿಟ್ಟ ಒಳ್ಳೆಯ ಹೆಸರು ಬ್ಯಾಂಕಿನಲ್ಲಿತ್ತು. ನಾನು ಹೋಗಿ ಬಿಡಿಸಿಕೊಂಡು ಬರುವುದಷ್ಟೇ ಬಾಕಿ.

ನಾಮಪತ್ರ ವಾಪಸು ತೆಗೆದುಕೊಳ್ಳಲು ಕೊನೆಯ ದಿನ ಡಿಸೆಂಬರ್ 14, ಸೋಮವಾರ. ಅವತ್ತೇ ಛಟ್ಟಿ ಅಮಾವಾಸ್ಯೆ. ಅಮಾವಾಸ್ಯೆ ನೆಪದಲ್ಲಿ ಓಣಿಗೆಲ್ಲ ಹೋಳಿಗೆ ಊಟ ಹಾಕಿಸಿದರೆ, ಆ ಗದ್ದಲ ನೋಡಿ ಎದುರಾಳಿ ಮಧ್ಯಾಹ್ನ ಮೂರರೊಳಗೆ ಹಿಂದೆ ಸರಿದಾನು ಎಂದು ಗೆಳೆಯರು ಹೇಳಿದರು. ಮತದಾರರಿಗೆ ಊಟ ಹಾಕಿಸುವುದೂ ಲಂಚವೇ. ಆಗ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯ 171ಇ ಕಲಮಿನಲ್ಲಿ ಅದಕ್ಕೆ ದಂಡ ಇತ್ತು. ಇದೂ ನನಗೆ ಗೊತ್ತಿತ್ತು. ದೇವರ ಪ್ರಸಾದಕ್ಕೆ ಯಾವ ಕಲಮು ಎಂದು ನಕ್ಕೆವು. ಕೊರೋನಾ ಕಾಲ ಬೇರೆ. ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟು ನಿಯಮ ಪಾಲಿಸಿದೆವು ಅಂದುಕೊಂಡೆವು.

ಅಡಿಗೆಯವರು ಸ್ಟೀಲಿನ ಡಬರಿ ತಂದಿದ್ದರು. “ಸಾರು ಕೊಪ್ಪರಿಗೆಯಲ್ಲೇ ಆಗಬೇಕು,” ಎಂದವನು ನಾನು. ಅಪ್ಪನ ಕಾಲದಲ್ಲಿ ಅದರ ಸಾರು ಉಂಡವರು ಅದನ್ನು ನೋಡಿದ ಕೂಡಲೇ ಕರಗಿಹೋಗಬೇಕು ಎಂಬುದು ನನ್ನ ಎಣಿಕೆ. ಕಟ್ಟಿನ ಸಾರು ಮರುದಿನಕ್ಕೇ ರುಚಿ ಎಂದು ಭಾನುವಾರ ರಾತ್ರಿಯೇ ಕುದಿಸಲು ಹೇಳಿದೆ. ಕೋಣೆಯಲ್ಲಿ ಮಲಗಿದ್ದ ಅವ್ವ ಒಳಗಿನಿಂದಲೇ ಕೂಗಿದಳು:

“ತಮ್ಮಾ, ಅದಕ್ಕ ಕಲಾಯಿ ಐತೇನೋ?”

“ಐತಿ ಬಿಡವಾ, ಪಾಲಿಶ್ ಮಾಡ್ಸೀನಿ.”

“ಪಾಲಿಶ್ ಬ್ಯಾರೆ, ಕಲಾಯಿ ಬ್ಯಾರೆ.”

ನಾನು ಫೋನಿನಲ್ಲಿದ್ದೆ. ಮಾತು ಅಲ್ಲಿಗೇ ನಿಂತಿತು.

ಬೆಳಗ್ಗೆ ಮುಚ್ಚಳ ತೆಗೆದಾಗ ಸಾರಿನ ಅಂಚಿನುದ್ದಕ್ಕೂ ತಾಮ್ರಕ್ಕೆ ತೆಳ್ಳಗೆ ಹಸಿರು ಹಿಡಿದಿತ್ತು. ಅಡಿಗೆಯವನು ಬಟ್ಟೆಯಿಂದ ಒರೆಸಿದ. ಕೊತ್ತಂಬರಿ ಉದುರಿಸಿದ. ಹುಣಸೆಹುಳಿ, ಉಪ್ಪು, ರಾತ್ರಿಯಿಡೀ ನಿಂತ ಬಿಸಿ. ತವರದ ಪೊರೆ ಇದ್ದರೆ ಹುಳಿ ತಾಮ್ರವನ್ನು ಮುಟ್ಟುವುದಿಲ್ಲ. ಆ ಪೊರೆಯನ್ನೇ ನಾನು ರೊಕ್ಕ ಕೊಟ್ಟು ಉಜ್ಜಿಸಿದ್ದೆ. ಒಂದು ಹುಟ್ಟು ಸಾರು ತೆಗೆದು ನಾಲಿಗೆಗೆ ಹಚ್ಚಿದೆ. ಏನೋ ಒಗರು, ದುಡ್ಡು ಚೀಪಿದ ಹಾಗೆ. ಹೋಳಿಗೆಯ ಜೊತೆ ಗೊತ್ತಾಗಲಿಕ್ಕಿಲ್ಲ ಎಂದುಕೊಂಡೆ. ನನ್ನ ತಪ್ಪೆಲ್ಲ ಆ ಒಂದು ಗಳಿಗೆಯಲ್ಲಿದೆ. ಅದಕ್ಕೂ ಹಿಂದಿನದನ್ನು ಮರೆವು, ಗಡಿಬಿಡಿ ಅನ್ನಬಹುದು. ಇದನ್ನು ಅನ್ನಲು ಬರುವುದಿಲ್ಲ. ಎಲೆ ಹಾಕಿಯಾಗಿತ್ತು, ಜನ ಬಂದು ಕೂತಿದ್ದರು, ಸಾರು ಚೆಲ್ಲಿದರೆ ಮರ್ಯಾದೆ ಏನಾದೀತು ಎಂಬ ಚಿಂತೆ ನನಗೆ.

ಮೊದಲ ಪಂಕ್ತಿ ಏಳುವುದರೊಳಗೆ ಹುಡುಗನೊಬ್ಬ ವಾಂತಿ ಮಾಡಿದ. ಆಮೇಲೆ ಹಿಂದಿನ ಓಣಿಯ ದೊಡ್ಡವ್ವ ಗೋಡೆ ಹಿಡಿದು ಕೂತಳು. ಸಾರು ಸುರಿದುಕೊಂಡು ಉಂಡವರಿಗೆಲ್ಲ ಹೊಟ್ಟೆ ತೊಳಸತೊಡಗಿತು. ಅನ್ನಕ್ಕೆ ಹಾಲು-ತುಪ್ಪ ಕಲಸಿಕೊಂಡವರು ಗಟ್ಟಿಯಾಗಿದ್ದರು. ಗಾಡಿ ಮಾಡಿ ಆಸ್ಪತ್ರೆಗೆ ಕರೆದೊಯ್ದೆವು. ದೇವರ ದಯೆ, ಸಂಜೆಯ ಹೊತ್ತಿಗೆ ಎಲ್ಲರೂ ಮನೆಗೆ ಮರಳಿದರು. ಮೂರು ಗಂಟೆ ಯಾವಾಗ ದಾಟಿತೋ ತಿಳಿಯಲಿಲ್ಲ. ಎದುರಾಳಿ ಹಿಂದೆ ಸರಿಯಲಿಲ್ಲ. ಅವನ ಜಾಗದಲ್ಲಿದ್ದರೆ ನಾನೂ ಸರಿಯುತ್ತಿರಲಿಲ್ಲ.

ಅವತ್ತು ಸೂರ್ಯಗ್ರಹಣವೂ ಇತ್ತು. ಕಂಡದ್ದು ಚಿಲಿ, ಅರ್ಜೆಂಟೀನಾದವರಿಗೆ, ನಮಗಲ್ಲ. ಆದರೂ ಗ್ರಹಣದ ದಿನ ಉಣಿಸಿದ್ದಕ್ಕೆ ಹೀಗಾಯಿತು ಎಂದು ನನ್ನ ಕಡೆಯ ಹುಡುಗರು ಸುದ್ದಿ ಹಬ್ಬಿಸಿದರು. ನಾನು ಬೇಡ ಅನ್ನಲಿಲ್ಲ. ಎದುರಿನವರು “ಕಿಲುಬು ಸಾರು” ಎಂಬ ಎರಡೇ ಶಬ್ದ ಹಬ್ಬಿಸಿದರು. ಅದು ನಿಜವೂ ಆಗಿದ್ದರಿಂದ ಬೇಗ ಓಡಿತು.

ಪ್ರಚಾರಕ್ಕೆ ಮನೆ ಮನೆಗೆ ಹೋದಾಗ ಯಾರಾದರೂ ಬೈದಾರು ಎಂದು ಸಜ್ಜಾಗಿ ಹೋಗಿದ್ದೆ. ಯಾರೂ ಬೈಯಲಿಲ್ಲ. ನೀರು ಕೊಟ್ಟರು, ಕೂಡಿಸಿದರು. ಅಪ್ಪನ ಓರಗೆಯ ಕಾಕಾ ಒಬ್ಬರು ಮಾತ್ರ ತಂಬಾಕು ತಿಕ್ಕುತ್ತಾ ಕೇಳಿದರು: “ವಾಂತಿ ಆತು, ಕಡಿಮಿ ಆತು, ಅದ ಹೋಗ್ಲಿ. ಮಳಿ ಬಂದು ನಾವೆಲ್ಲಾ ಸಾಲ್ಯಾಗ ಬಿದ್ದಿದ್ವಲ್ಲ, ಆವಾಗ ಈ ಕೊಪ್ಪರಗಿ ಎಲ್ಲಿತ್ತೋ?”

ಅಕ್ಕಿ ಕೊಟ್ಟಿದ್ದೆ ಎನ್ನಲು ಬಾಯಿ ತೆರೆದೆ. “ಅಕ್ಕಿ ಕೊಟ್ಟಿದ್ದಿ, ಖರೆ,” ಎಂದು ಅವರೇ ಹೇಳಿಬಿಟ್ಟರು. ಮುಂದೆ ನನಗೆ ಮಾತು ಸಿಗಲಿಲ್ಲ.

22ಕ್ಕೆ ಮತದಾನ, 30ಕ್ಕೆ ಎಣಿಕೆ. ಸೋತೆ. ಸ್ವಲ್ಪದರಲ್ಲೇ ಎಂದು ಹೇಳಿಕೊಳ್ಳುವಂತೆಯೂ ಇರಲಿಲ್ಲ. ಸಾರಿನಿಂದ ಸೋತೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ಅದು ನನಗೆ ಅನುಕೂಲವಾದ ನಂಬಿಕೆ. ಸಾರು ಚೆನ್ನಾಗಿ ಆಗಿದ್ದರೂ ಆ ಓಣಿಯಲ್ಲಿ ನನಗೆ ವೋಟು ಇರಲಿಲ್ಲ. ಉಂಡು, ಕೈ ತೊಳೆದು, ಒಳ್ಳೆಯದಾಗಲಿ ಎಂದು ಹೋಗುತ್ತಿದ್ದರು, ಅಷ್ಟೇ.

ಫಲಿತಾಂಶದ ಮೇಲೆ ಕೊಪ್ಪರಿಗೆಯನ್ನು ಟಂಟಂನಲ್ಲಿ ಹಾಕಿಕೊಂಡು ಕಲಾಯಿಗಾರನನ್ನು ಹುಡುಕುತ್ತಾ ಹೊರಟೆ. ಹಿಂದೆ ಸುಗ್ಗಿ ಮುಗಿದ ಮೇಲೆ ಅವರೇ ಸೈಕಲ್ ಮೇಲೆ ತಿದಿ ಹೇರಿಕೊಂಡು ಬರುತ್ತಿದ್ದರು. ಈಗ ಸ್ಟೀಲು, ಅಲ್ಯೂಮಿನಿಯಂ ಬಂದು ಅವರ ಕೆಲಸವೇ ಹೋಗಿದೆ. ವಿಚಾರಿಸುತ್ತಾ ಹೋಗಿ ಹಳಿಯಾಳದ ಕಡೆ ಮುದುಕರೊಬ್ಬರನ್ನು ಹಿಡಿದೆ. ಅವರು ಒಳಗೆ ಬೆರಳಾಡಿಸಿ, “ಬಫ್ ಹೊಡ್ಸೀರೇನ್ರಿ? ತವರದ ಹೆಸರಿಲ್ಲ ಇದರಾಗ,” ಎಂದರು. ಅಜ್ಜನ ಹೆಸರಿನ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಅವರಿಗೆ ಬೇಕಾದದ್ದು ಪಾತ್ರೆಯ ಒಳಗು.

ನೆಲದಲ್ಲಿ ಕುಣಿ ತೋಡಿ ಇದ್ದಿಲು ಹೊತ್ತಿಸಿ ತಿದಿ ಒತ್ತಿದರು. ಕೊಪ್ಪರಿಗೆಯನ್ನು ಓರೆಯಾಗಿ ಹಿಡಿದು ತಿರುಗಿಸುತ್ತಾ ಕಾಯಿಸಿದರು. ಹದ ಬಂದಾಗ ನವಸಾಗರದ ಪುಡಿ ಎರಚಿದರು. ಘಾಟಿನ ಬಿಳಿ ಹೊಗೆ ಎದ್ದು ನಾನು ಕೆಮ್ಮುತ್ತಾ ಹಿಂದೆ ಸರಿದೆ. ಅವರು ಅದೇ ಹೊಗೆಯಲ್ಲಿ ಮುಖ ಇಟ್ಟು ತವರದ ಕಡ್ಡಿಯನ್ನು ಅಲ್ಲಲ್ಲಿ ಮುಟ್ಟಿಸಿ, ಅರಳೆಯಿಂದ ಒಂದೇ ಸಮನೆ ಒರೆಸಿದರು. ಕೆಂಪು ತಾಮ್ರದ ಮೇಲೆ ಬೆಳ್ಳಿ ಹರಡಿತು. ಹೊರಗೆಲ್ಲ ಮಸಿ ಹಿಡಿಯಿತು. ಅವರು ಕೇಳಿದ ಕೂಲಿ ನನ್ನ ಠೇವಣಿಗಿಂತ ಬಹಳ ಹೆಚ್ಚು. ಚೌಕಾಸಿ ಮಾಡಲಿಲ್ಲ.

ಮನೆಗೆ ತಂದಾಗ ಅವ್ವ ಎದ್ದು ಬಂದು ಒಳಗೆ ಬಗ್ಗಿ ನೋಡಿದಳು. ನನಗೇನೂ ಹೇಳಲಿಲ್ಲ. ಸ್ಟ್ಯಾಂಡ್ ತೆಗೆದು ಅಟ್ಟಕ್ಕೆ ಹಾಕಿಸಿದಳು. ಕೊಪ್ಪರಿಗೆ ಕಟ್ಟೆಯ ಮೇಲೆ ಬೋರಲಾಗಿ ಬಿದ್ದಿರುತ್ತದೆ, ಬೇಕಾದವರು ಒಯ್ಯಬಹುದು. ಬೇಕಾದವರೇ ಬಹಳ ದಿನ ಬರಲಿಲ್ಲ. ಬಾಡಿಗೆಗೆ ಶಾಮಿಯಾನದವರ ಪಾತ್ರೆ ಸಿಗುತ್ತದೆ, ನನ್ನ ಮುಖ ನೋಡುವ ಗರಜೂ ಇಲ್ಲ.

ಕಡೆಗೆ ಬಂದವಳು ಅವತ್ತು ಗೋಡೆ ಹಿಡಿದು ಕೂತಿದ್ದ ದೊಡ್ಡವ್ವ. ಮೊಮ್ಮಗಳ ಕುಬಸ ಇತ್ತು. ಕೊಪ್ಪರಿಗೆಯನ್ನು ಹೊರಳಿಸಿ, ಮೊಮ್ಮಗನ ಕೈಯಿಂದ ಮೊಬೈಲಿನ ಬ್ಯಾಟರಿ ಹಚ್ಚಿಸಿ, ತಳದವರೆಗೂ ನೋಡಿದಳು. ಉಗುರಿನಿಂದ ಒಂದು ಕಡೆ ಕೆರೆದಳು.

“ಚಲೋ ಆಗೇತಿ. ಒಯ್ತೀನಿ,” ಎಂದಳು. ಹುಡುಗರು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಹಿಂದೆ ತಿರುಗಿದಳು. “ಅನ್ನಾ, ಹುಗ್ಗಿ ಇದರಾಗ ಮಾಡ್ತೀವಪ್ಪಾ. ಸಾರು ಮಾತ್ರ ಸ್ಟೀಲಿನ ಡಬರ್‍ಯಾಗ.”