ಬಿಟ್ಟ ಊರು, ಕಟ್ಟಿದ ಊರು

ದಕ್ಷಿಣ ಇಟಲಿಯಲ್ಲಿ ಕ್ರಾಕೋ ಎಂಬ ಊರು ಗುಡ್ಡದ ನೆತ್ತಿಯ ಮೇಲಿದೆ. 1963ರಲ್ಲಿ ನೆಲ ಜಾರಿದ್ದರಿಂದ ಜನ ಊರು ಬಿಟ್ಟು ಕಣಿವೆಗೆ ಇಳಿದರು. ಈಗ ಪ್ರವಾಸಿಗರು ಹೆಲ್ಮೆಟ್ ಹಾಕಿಕೊಂಡು ಆ ಪಾಳು ಓಣಿಗಳಲ್ಲಿ ಅಡ್ಡಾಡುತ್ತಾರೆ. ಬೀಳಗಿ ತಾಲ್ಲೂಕಿನಲ್ಲಿ ಆದದ್ದು ಇದರ ತಿರುವುಮುರುವು: ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರಿತು, ಹೊಳೆದಂಡೆಯ ಊರುಗಳು ದಿನ್ನೆಗೆ ಹೋದವು. ಕ್ರಾಕೋದ ಮನೆಗಳು ಕಲ್ಲಿನವು, ಜನ ಹೋದರೂ ನಿಂತಿವೆ. ನಮ್ಮ ಮಾಳಿಗೆ ಮನೆಗಳ ಮಣ್ಣಿನ ಗೋಡೆ ಒಂದೆರಡು ಮಳೆಗಾಲದ ನೀರಿಗೇ ಕರಗುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಬಿರಿದ ಹೂಳಿನ ನಡುವೆ ಬುನಾದಿಯ ಸಾಲು, ಸವೆದ ಹೊಸ್ತಿಲು, ನೆಲದಲ್ಲಿ ಹುಗಿದ ಒರಳು ಕಂಡರೆ ಅದೇ ಹೆಚ್ಚು. ತೊಲೆ, ಜಂತಿ, ಬಾಗಿಲ ಚೌಕಟ್ಟು ಸಾಗಿಸಲು ಬರುವಂಥವು. ಊರು ಬಿಡುವಾಗ ಜನ ಅವನ್ನು ಕಿತ್ತು ಒಯ್ದರು. ಹಾಗಾಗಿ ಮುಳುಗಿದ ಊರಿನ ಸಾಕ್ಷಿ ಇರುವುದು ಹೊಳೆಯೊಳಗಲ್ಲ, ಪುನರ್ವಸತಿ ಕೇಂದ್ರದಲ್ಲಿ. ಅಲ್ಲಿ ಸಿಮೆಂಟ್ ಗೋಡೆಗೆ ಕೂರಿಸಿದ ಹಳೆಯ ಕೆತ್ತನೆಯ ಬಾಗಿಲೊಂದು ಬುನಾದಿಗಿಂತ ಹೆಚ್ಚು ಹೇಳುತ್ತದೆ.

ಹಳೇ ಊರನ್ನು ನೆನೆಯುತ್ತ ಕೂತರೆ ನೀರಾವರಿ ಆಗುತ್ತಿತ್ತೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ನೀರು ಬೇಡವೆಂದವರು ಈ ಸೀಮೆಯ ಜನರಲ್ಲ. 1989ರಲ್ಲಿ ಜಮಖಂಡಿ ಭಾಗದ ರೈತರು ತಾವೇ ವಂತಿಗೆ ಹಾಕಿ, ಮೈಮುರಿದು ದುಡಿದು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜ್ ಕಟ್ಟಿ, ಅದನ್ನು ಶ್ರಮಬಿಂದು ಸಾಗರ ಎಂದು ಕರೆದರು. ನೀರಿನ ಬೆಲೆ ಬಲ್ಲವರೇ ಆಲಮಟ್ಟಿಗೆ ಹೊಲ, ಮನೆ, ದೇವರಗುಡಿ ಬಿಟ್ಟುಕೊಟ್ಟರು. ಆ ನೀರಿನಿಂದ ವಿಜಯಪುರ, ಯಾದಗಿರಿ, ಕಲಬುರಗಿ, ರಾಯಚೂರಿನ ಹೊಲಗಳು ಹಸಿರಾದವು. ಹಸಿರು ನಿಜ, ಅದಕ್ಕೆ ತೆತ್ತದ್ದೂ ನಿಜ. ಒಂದನ್ನು ಒಪ್ಪಿದರೆ ಇನ್ನೊಂದನ್ನು ಮರೆಯಬೇಕೆಂಬ ನಿಯಮವಿಲ್ಲ. ಕ್ರಾಕೋದಂತೆ ಇಲ್ಲಿಯೂ ನೊಂದವರ ಬದುಕನ್ನು ಪ್ರವಾಸಿ ತಾಣ ಮಾಡಬಾರದೆಂಬ ಮಾತು ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೂ ಪುನರ್ವಸತಿ ಕೇಂದ್ರಗಳಿಗೆ ಯಾರೂ ಹೋಗದೆ, ಯಾರೂ ಕೇಳದೆ ಇದ್ದರೆ ಉಳಿಯುವುದು ಪರಿಹಾರದ ಕಡತ ಮಾತ್ರ. ಕಡತದಲ್ಲಿ ಎಕರೆ, ಗುಂಟೆ ಇರುತ್ತವೆ. ಯಾವ ಓಣಿಗೆ ಯಾವ ಓಣಿ ಕೂಡುತ್ತಿತ್ತು, ಮೊಹರಂ ಡೋಲಿ ಯಾವ ಕಟ್ಟೆಯ ಮುಂದೆ ನಿಲ್ಲುತ್ತಿತ್ತು ಎಂಬುದು ಇರುವುದಿಲ್ಲ.

ಇದು ಮುಗಿದ ಕಥೆಯೂ ಅಲ್ಲ. ಆಲಮಟ್ಟಿಯಲ್ಲಿ ಈಗ 519.60 ಮೀಟರ್‌ವರೆಗೆ ನಿಲ್ಲುವ ನೀರನ್ನು 524.256 ಮೀಟರ್‌ಗೆ ಏರಿಸಲು ಎರಡನೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ. ಇನ್ನಷ್ಟು ಊರುಗಳು ಮುಳುಗಲಿವೆ. ಹಾಗೆ ಮುಳುಗುವ ಮೊದಲು ಪ್ರತಿ ಊರಿನ ಓಣಿ, ಬಾವಿ, ಕಟ್ಟೆಗಳ ನಕ್ಷೆಯನ್ನು ಅಲ್ಲಿಯ ಹಿರಿಯರನ್ನು ಕೂರಿಸಿಕೊಂಡು ಬರೆಯಿಸಿ, ಹೊಸ ಊರಿನ ಶಾಲೆಯಲ್ಲಿ ಇಡಿಸಬೇಕು. ಭೂಸ್ವಾಧೀನದ ಅಳತೆಗೆ ಹೋಗುವ ಸಿಬ್ಬಂದಿಯಿಂದಲೇ ಈ ಕೆಲಸವನ್ನು ಸರ್ಕಾರ ಮಾಡಿಸಲಿ.